ರೋಗನಿರೋಧಕ ಶಕ್ತಿಯನ್ನು ಮುಟ್ಟುವ ಔಷಧಗಳು: ಪರೀಕ್ಷೆಯ ಮೆಟ್ಟಿಲುಗಳು

ರೋಗವನ್ನು ತಡೆದುಕೊಳ್ಳುವ ದೇಹದ ಸಾಮರ್ಥ್ಯವನ್ನು ಆಯುರ್ವೇದವು ‘ವ್ಯಾಧಿಕ್ಷಮತ್ವ’ ಎಂದು ಕರೆಯುತ್ತದೆ. ಚರಕಸಂಹಿತೆಗೆ ವ್ಯಾಖ್ಯಾನ ಬರೆದ ಚಕ್ರಪಾಣಿದತ್ತನು ಇದನ್ನು ಎರಡು ಬಗೆಯಾಗಿ ವಿವರಿಸಿದ್ದಾನೆ: ಬಂದ ರೋಗದ ಬಲವನ್ನು ಎದುರಿಸುವುದು ಒಂದು, ರೋಗವು ಹುಟ್ಟದಂತೆಯೇ ತಡೆಯುವುದು ಇನ್ನೊಂದು. ಕೊರೋನಾ ಕಾಲದಿಂದೀಚೆಗೆ ಈ ಶಕ್ತಿಯನ್ನು ಕಣಜದ ಕಾಳಿನಂತೆ ಎಣಿಸಿ, ತುಂಬಿಕೊಂಡಷ್ಟೂ ಒಳ್ಳೆಯದೆಂದು ಭಾವಿಸುವವರು ಹೆಚ್ಚಾಗಿದ್ದಾರೆ. ಈ ತಿಳಿವಳಿಕೆ ಸರಿಯಲ್ಲ. ರೋಗನಿರೋಧಕ ಶಕ್ತಿಯನ್ನು ಒಲೆಯ ಬೆಂಕಿಗೆ ಹೋಲಿಸುವುದು ಹೆಚ್ಚು ಯುಕ್ತ. ಹದದಲ್ಲಿದ್ದರೆ ಅಡುಗೆಯಾಗುತ್ತದೆ, ಹದ ತಪ್ಪಿದರೆ ಮನೆಗೇ ಅಪಾಯ. ನಾವು ಆಮವಾತದೊಡನೆ ಹೋಲಿಸುವ ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರಕ್ಷಕ ಕಣಗಳೇ ಸ್ವಂತ ಕೀಲುಗಳ ಮೇಲೆ ಎರಗುತ್ತವೆ.

ಆದುದರಿಂದ ಈ ಶಕ್ತಿಯನ್ನು ತಗ್ಗಿಸುವ, ಎಬ್ಬಿಸುವ ಅಥವಾ ತಿದ್ದುವ ಹೊಸ ಔಷಧಗಳನ್ನು ಮನುಷ್ಯರಿಗೆ ಕೊಡುವ ಮೊದಲು ಬಹಳ ಎಚ್ಚರ ಬೇಕು. ಅದು ಎಷ್ಟು ಎಚ್ಚರವೆಂಬುದನ್ನು ಇಂಗ್ಲೆಂಡಿನಲ್ಲಿ ನಡೆದ ಒಂದು ಘಟನೆ ವೈದ್ಯಲೋಕಕ್ಕೆ ಕಲಿಸಿತು.

ಲಂಡನ್ನಿನ ಘಟನೆ

2006ರ ಮಾರ್ಚ್ 13ರಂದು ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿದ್ದ ಪ್ರಯೋಗ ಘಟಕದಲ್ಲಿ ಎಂಟು ಮಂದಿ ಆರೋಗ್ಯವಂತ ಯುವಕರು ಒಂದು ಹೊಸ ಔಷಧದ ಪರೀಕ್ಷೆಗೆ ಒಪ್ಪಿ ಬಂದಿದ್ದರು. ಜರ್ಮನಿಯ ಟೆಜೆನೆರೊ ಎಂಬ ಸಂಸ್ಥೆಯ ಈ ಔಷಧಕ್ಕೆ ಟಿಜಿಎನ್ 1412 ಎಂದು ಹೆಸರು. ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ಟಿ ಜೀವಕೋಶಗಳೆಂಬ ಒಂದು ವರ್ಗವಿದೆ. ಅವು ಎಚ್ಚರಗೊಂಡು ಕೆಲಸಕ್ಕೆ ತೊಡಗಬೇಕಾದರೆ ಸಾಮಾನ್ಯವಾಗಿ ಎರಡು ಸಂಕೇತಗಳು ಒಟ್ಟಿಗೆ ದೊರೆಯಬೇಕು. ದೇಹವು ತಾನಾಗಿ ಇಟ್ಟುಕೊಂಡ ಕಾವಲು ಇದು. ಆದರೆ ಈ ಔಷಧವು ಸಿಡಿ28 ಎಂಬ ಒಂದೇ ಗ್ರಾಹಕವನ್ನು ಹಿಡಿದು, ಮತ್ತೊಂದು ಸಂಕೇತವಿಲ್ಲದೆಯೇ ಟಿ ಕೋಶಗಳನ್ನು ಎಬ್ಬಿಸಬಲ್ಲದಾಗಿತ್ತು. ಅವುಗಳಲ್ಲಿ ಉರಿಯೂತವನ್ನು ಶಮನಗೊಳಿಸುವ ಕೋಶಗಳು ಹೆಚ್ಚಾಗಿ, ಸಂಧಿವಾತಕ್ಕೂ ಒಂದು ಬಗೆಯ ರಕ್ತದ ಕ್ಯಾನ್ಸರಿಗೂ ಪರಿಹಾರ ದೊರೆಯಬಹುದೆಂಬುದು ಸಂಶೋಧಕರ ನಿರೀಕ್ಷೆ.

ಎಂಟು ಮಂದಿಯಲ್ಲಿ ಆರು ಜನರಿಗೆ ಔಷಧವನ್ನೂ ಇಬ್ಬರಿಗೆ ಹುಸಿಮದ್ದನ್ನೂ ಕೊಡಲಾಯಿತು. ಔಷಧದ ಪ್ರಮಾಣವು ಕೋತಿಗಳು ತೊಂದರೆಯಿಲ್ಲದೆ ತಡೆದುಕೊಂಡ ಪ್ರಮಾಣದ 500ರಲ್ಲಿ ಒಂದು ಪಾಲು ಮಾತ್ರವಾಗಿತ್ತು. ಒಬ್ಬರಿಗೂ ಮತ್ತೊಬ್ಬರಿಗೂ ನಡುವೆ ಸುಮಾರು 10 ನಿಮಿಷಗಳ ಅಂತರವಿತ್ತು. ಒಂದೂವರೆ ಗಂಟೆಯೊಳಗೆ ಔಷಧ ಪಡೆದ ಆರೂ ಮಂದಿಗೆ ತಲೆನೋವು, ಬೆನ್ನುನೋವು, ವಾಂತಿ, ಜ್ವರ ಕಾಣಿಸಿಕೊಂಡು ರಕ್ತದೊತ್ತಡ ಕುಸಿಯತೊಡಗಿತು. ಮರುದಿನದ ವೇಳೆಗೆ ಶ್ವಾಸಕೋಶ, ಮೂತ್ರಪಿಂಡ ಮೊದಲಾದ ಅಂಗಗಳು ಸೋತು, ಎಲ್ಲರೂ ತೀವ್ರ ನಿಗಾ ಘಟಕ ಸೇರಿದರು. ಎಚ್ಚೆತ್ತ ಕೋಶಗಳು ಸೈಟೊಕೈನ್ ಎಂಬ ಸಂದೇಶವಾಹಕ ವಸ್ತುಗಳನ್ನು ಏಕಕಾಲಕ್ಕೆ ಅಪಾರವಾಗಿ ಸುರಿಸಿದ್ದವು. ವೈದ್ಯರು ಇದನ್ನು ‘ಸೈಟೊಕೈನ್ ಬಿರುಗಾಳಿ’ ಎನ್ನುತ್ತಾರೆ. ಸಕಾಲದ ಚಿಕಿತ್ಸೆಯಿಂದ ಆರೂ ಮಂದಿ ಬದುಕುಳಿದರು. ಆದರೆ ಅವರಲ್ಲಿ ಒಬ್ಬರು ಕೈ ಮತ್ತು ಕಾಲಿನ ಬೆರಳುಗಳ ಭಾಗಗಳನ್ನು ಕಳೆದುಕೊಳ್ಳಬೇಕಾಯಿತು.

ಕಾರಣ ಮತ್ತು ಕಲಿಕೆ

ಔಷಧವು ಕಲುಷಿತವಾಗಿರಲಿಲ್ಲ, ಅಳತೆಯೂ ತಪ್ಪಿರಲಿಲ್ಲವೆಂದು ತನಿಖೆ ತಿಳಿಸಿತು. ನಿಜವಾದ ಕಾರಣದ ವಿವರಣೆ ದೊರೆತದ್ದು 2010ರಲ್ಲಿ. ಮನುಷ್ಯರಲ್ಲಿ ಹಿಂದಿನ ಸೋಂಕುಗಳ ನೆನಪನ್ನು ಹೊತ್ತ ಒಂದು ಜಾತಿಯ ಟಿ ಕೋಶಗಳ ಮೇಲೆ ಸಿಡಿ28 ಗ್ರಾಹಕವಿದೆ. ಪ್ರಯೋಗಕ್ಕೆ ಬಳಸಿದ ಕೋತಿಗಳಲ್ಲಿ ಅದೇ ಕೋಶಗಳ ಮೇಲೆ ಅದು ಇಲ್ಲ. ಹೀಗಾಗಿ ಕೋತಿಯಲ್ಲಿ ಏಳದ ಬಿರುಗಾಳಿ ಮನುಷ್ಯನಲ್ಲಿ ಎದ್ದಿತು.

ಬ್ರಿಟನ್ ಸರಕಾರವು ಗಾರ್ಡನ್ ಡಫ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ತಜ್ಞರ ಸಮಿತಿ 22 ಶಿಫಾರಸುಗಳನ್ನು ಮಾಡಿತು. ಅಪಾಯದ ಸಂಭವವುಳ್ಳ ಔಷಧವನ್ನು ಮೊದಲು ಒಬ್ಬರಿಗೆ ಮಾತ್ರ ಕೊಟ್ಟು, ಸಾಕಷ್ಟು ಕಾಲ ಕಾದು ನೋಡಿ, ಬಳಿಕವೇ ಎರಡನೆಯವರಿಗೆ ಕೊಡಬೇಕು. ಪ್ರಾಣಿ ಎಷ್ಟನ್ನು ತಡೆದುಕೊಂಡಿತು ಎಂಬುದೊಂದನ್ನೇ ನೋಡದೆ, ಮನುಷ್ಯನ ಕೋಶಗಳಲ್ಲಿ ಪರಿಣಾಮ ಕಾಣತೊಡಗುವ ಅತ್ಯಲ್ಪ ಪ್ರಮಾಣ ಯಾವುದೆಂದು ಕಂಡುಕೊಂಡು ಅಲ್ಲಿಂದ ಆರಂಭಿಸಬೇಕು. ಮುಂದೆ ರಷ್ಯಾದಲ್ಲಿ ಇದೇ ಔಷಧವನ್ನು ಬೇರೆ ಹೆಸರಿನಲ್ಲಿ ಮತ್ತೆ ಪರೀಕ್ಷಿಸಿದಾಗ ಲಂಡನ್ನಿನ ಪ್ರಮಾಣದ 1,000ದಲ್ಲಿ ಒಂದು ಪಾಲಿನಿಂದ ತೊಡಗಿ ನಿಧಾನವಾಗಿ ಏರಿಸಲಾಯಿತು. ಆಗ ಬಿರುಗಾಳಿ ಏಳಲಿಲ್ಲ. ಶಮನಕಾರಿ ಕೋಶಗಳು ಎಚ್ಚರಗೊಂಡ ಕುರುಹುಗಳೂ ಕಂಡವು. ಒಂದೇ ದ್ರವ್ಯ, ಮಾತ್ರೆಯ ಭೇದದಿಂದ ವಿಷವೂ ಆಗಬಲ್ಲದು, ಮದ್ದೂ ಆಗಬಲ್ಲದು ಎಂಬುದನ್ನು ಆಯುರ್ವೇದದ ಅಭ್ಯಾಸಿಗಳಿಗೆ ಬೇರೆಯಾಗಿ ಹೇಳಬೇಕಿಲ್ಲ.

ನಾಲ್ಕು ಹಂತಗಳು

ಮೊದಲ ಹಂತದಲ್ಲಿ ಕೆಲವೇ ಜನರಲ್ಲಿ ಸುರಕ್ಷತೆಯನ್ನು ನೋಡುತ್ತಾರೆ. ಎರಡನೆಯದರಲ್ಲಿ ಇನ್ನಷ್ಟು ರೋಗಿಗಳಲ್ಲಿ ಗುಣವನ್ನೂ ಪ್ರಮಾಣವನ್ನೂ ಪರಿಶೀಲಿಸುತ್ತಾರೆ. ಮೂರನೆಯದರಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಜನರಲ್ಲಿ ಹಳೆಯ ಚಿಕಿತ್ಸೆಯೊಡನೆ ಅಥವಾ ಹುಸಿಮದ್ದಿನೊಡನೆ ಹೋಲಿಸುತ್ತಾರೆ. ಮಾರಾಟಕ್ಕೆ ಬಂದ ನಂತರದ ನಿಗಾ ನಾಲ್ಕನೆಯ ಹಂತ. ಇದೂ ಹೆಸರಿಗೆ ಮಾತ್ರದ್ದಲ್ಲ. ಸಂಧಿವಾತ ಮತ್ತು ಕರುಳಿನ ಉರಿಯೂತಕ್ಕೆ ಬಳಸುವ ಇನ್‌ಫ್ಲಿಕ್ಸಿಮ್ಯಾಬ್ ಅಮೆರಿಕದಲ್ಲಿ ಬಳಕೆಗೆ ಬಂದದ್ದು 1998ರಲ್ಲಿ. ಅದನ್ನು ಪಡೆದವರಲ್ಲಿ 70 ಮಂದಿಗೆ ಕ್ಷಯರೋಗ ಕಾಣಿಸಿಕೊಂಡ ವರದಿ ಪ್ರಕಟವಾದದ್ದು 2001ರಲ್ಲಿ. ದೇಹದಲ್ಲಿ ಅಡಗಿದ್ದ ಕ್ಷಯದ ಕ್ರಿಮಿಯನ್ನು ಕಟ್ಟಿಹಾಕಿದ್ದ ಶಕ್ತಿಯೇ ಔಷಧದಿಂದ ತಗ್ಗಿತ್ತು. ಕ್ಷಯ ಹೆಚ್ಚಾಗಿರುವ ನಮ್ಮ ದೇಶದಲ್ಲಿ ಇಂತಹ ಔಷಧ ಕೊಡುವ ಮೊದಲು ಕ್ಷಯಪರೀಕ್ಷೆ ಮಾಡಿಸುವುದು ಇದೇ ಕಾರಣಕ್ಕಾಗಿ.

ನಮ್ಮ ದೇಶದ ನಿಯಮಗಳು

2009ರ ಜೂನ್ 15ರಿಂದ ಭಾರತದಲ್ಲಿ ಔಷಧ ಪ್ರಯೋಗಗಳನ್ನು ಸಾರ್ವಜನಿಕ ನೋಂದಣಿ ಪಟ್ಟಿಯಲ್ಲಿ ದಾಖಲಿಸುವುದು ಕಡ್ಡಾಯವಾಯಿತು. 2019ರ ಹೊಸ ಔಷಧ ಮತ್ತು ಚಿಕಿತ್ಸಾ ಪ್ರಯೋಗ ನಿಯಮಗಳ ಪ್ರಕಾರ ಪ್ರತಿ ಪ್ರಯೋಗಕ್ಕೂ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಅದರಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು. ವೈದ್ಯರಷ್ಟೇ ಅಲ್ಲದೆ ಕಾನೂನು ಬಲ್ಲವರು, ಮಹಿಳೆ, ಜನಸಾಮಾನ್ಯರ ಪ್ರತಿನಿಧಿ ಇರಬೇಕು. ಸಮಾಜವಿಜ್ಞಾನಿ, ತತ್ತ್ವಜ್ಞಾನಿ, ಧರ್ಮಶಾಸ್ತ್ರಜ್ಞರಂತಹವರಿಗೂ ಅಲ್ಲಿ ಸ್ಥಾನವಿದೆ. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಪಡೆಯುವ ಹಕ್ಕು ಭಾಗವಹಿಸಿದವರಿಗಿದೆ.

ಸಹಿ ಹಾಕುವ ಮೊದಲು

ದೊಡ್ಡ ಆಸ್ಪತ್ರೆಗಳಲ್ಲಿ ಭಕ್ತರ ಮನೆಯ ರೋಗಿಗಳಿಗೂ ‘ಹೊಸ ಔಷಧದ ಪ್ರಯೋಗಕ್ಕೆ ಸೇರುವಿರಾ’ ಎಂಬ ಪ್ರಶ್ನೆ ಎದುರಾಗಬಹುದು. ಹೆದರಿ ಓಡುವುದೂ ಬೇಡ, ಓದದೆ ಸಹಿ ಹಾಕುವುದೂ ಬೇಡ. ಇಷ್ಟನ್ನು ಕೇಳಿ ತಿಳಿಯಬೇಕು:

1. ಇದು ಎಷ್ಟನೆಯ ಹಂತ? ಇದುವರೆಗೆ ಎಷ್ಟು ಮನುಷ್ಯರಿಗೆ ಕೊಡಲಾಗಿದೆ?
2. ನನಗೆ ಹುಸಿಮದ್ದು ದೊರೆಯುವ ಸಂಭವವಿದೆಯೇ? ಈಗಿನ ಚಿಕಿತ್ಸೆಯನ್ನು ನಿಲ್ಲಿಸಬೇಕೇ?
3. ರಾತ್ರಿ ಜ್ವರವೋ ಉಸಿರಾಟದ ತೊಂದರೆಯೋ ಬಂದರೆ ಯಾರನ್ನು ಕರೆಯಬೇಕು?
4. ತೊಂದರೆಯಾದರೆ ವೆಚ್ಚ ಯಾರದು?
5. ನಡುವೆ ಬಿಟ್ಟುಬಂದರೆ ಮುಂದಿನ ಚಿಕಿತ್ಸೆಗೆ ಅಡ್ಡಿಯಾಗುವುದೇ?

ವಿವರಣೆಯ ಪತ್ರವನ್ನು ಕನ್ನಡದಲ್ಲಿಯೇ ಕೇಳಿ ಪಡೆಯಿರಿ, ಮನೆಗೆ ತಂದು ಓದಿಸಿ ಕೇಳಿರಿ. ಯಾವಾಗ ಬೇಕಾದರೂ ಹಿಂದೆ ಸರಿಯುವ ಸ್ವಾತಂತ್ರ್ಯ ನಿಮಗಿದೆ.

ಇದೇ ವಿವೇಕವು ನಮ್ಮ ಗಿಡಮೂಲಿಕೆಗಳ ವಿಷಯದಲ್ಲಿಯೂ ಇರಲಿ. ಮೂತ್ರಪಿಂಡ ಮೊದಲಾದ ಅಂಗಗಳ ಕಸಿ ಮಾಡಿಸಿಕೊಂಡವರು, ಸಂಧಿವಾತಕ್ಕೆ ನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುತ್ತಿರುವವರು, ಅಮೃತಬಳ್ಳಿಯನ್ನಾಗಲಿ ಅಶ್ವಗಂಧವನ್ನಾಗಲಿ ತಾವಾಗಿಯೇ ಸೇವಿಸಬಾರದು. ನುಂಗುತ್ತಿರುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಲೂಬಾರದು. ಎರಡೂ ಕಡೆಯ ವೈದ್ಯರಿಗೆ ಎಲ್ಲವನ್ನೂ ತಿಳಿಸಿ, ಅವರ ಸಲಹೆಯಂತೆ ನಡೆಯಬೇಕು. ಸಸ್ಯದಿಂದ ಬಂದದ್ದೆಂಬ ಮಾತ್ರಕ್ಕೆ ಯಾವ ಮದ್ದೂ ನಿರಪಾಯವಲ್ಲ. ಪ್ರಯೋಗಶಾಲೆಯಿಂದ ಬಂದದ್ದೆಂಬ ಮಾತ್ರಕ್ಕೆ ತ್ಯಾಜ್ಯವೂ ಅಲ್ಲ. ಇಂದು ನಮ್ಮ ರೋಗಿಗಳನ್ನು ಉಳಿಸುತ್ತಿರುವ ಪ್ರತಿಯೊಂದು ಹೊಸ ಔಷಧದ ಹಿಂದೆಯೂ ಅದನ್ನು ಮೊದಲು ತಮ್ಮ ದೇಹದ ಮೇಲೆ ಪರೀಕ್ಷಿಸಲು ಒಪ್ಪಿದವರಿದ್ದಾರೆ. ಅವರ ಋಣವನ್ನು ನಾವೆಲ್ಲರೂ ಸ್ಮರಿಸಬೇಕು.