ಎರಡು ಕಾರು, ಒಂದೇ ದಾರಿ: ಸ್ಪೋರ್ಟಿಯೋ ಲಕ್ಸುರಿಯೋ ಎಂದು ಓಡಿಸಿ ನೋಡುವ ಕ್ರಮ

ಕಾರಿನ ಹುಚ್ಚಿರುವ ಇಬ್ಬರು ಒಂದೆಡೆ ಕೂತರೆ ಈ ವಾದ ಎದ್ದೇ ಏಳುತ್ತದೆ. ತಿರುವಿನಲ್ಲಿ ರಸ್ತೆಗೆ ಅಂಟಿಕೊಂಡು ಹೋಗುವ ಕಾರು ಒಬ್ಬರಿಗೆ ಇಷ್ಟ. ಗುಂಡಿಗೆ ಇಳಿದದ್ದೇ ಗೊತ್ತಾಗದಂತೆ ಸಾಗುವ ಕಾರು ಇನ್ನೊಬ್ಬರಿಗೆ ಇಷ್ಟ. ವಾದ ಎಷ್ಟು ಹೊತ್ತು ನಡೆದರೂ ಪರವಾಗಿಲ್ಲ. ಆದರೆ ದುಡ್ಡು ಕಟ್ಟುವ ಹೊತ್ತು ಬಂದಾಗ ವಾದ ಸಾಲದು, ಓಡಿಸಿಯೇ ನೋಡಬೇಕು.

ನನ್ನ ಗೆಳೆಯನೊಬ್ಬ ಕಾರು ಬದಲಿಸಲು ಹೊರಟಾಗ ಅವನ ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಎರಡೇ ಹೆಸರು. ಒಂದು ಚೆನ್ನೈನಲ್ಲಿ ಜೋಡಣೆಯಾಗುವ ಬಿಎಂಡಬ್ಲ್ಯು ಎಂ340ಐ. ಇನ್ನೊಂದು ನಮ್ಮ ಬಿಡದಿಯಲ್ಲೇ ತಯಾರಾಗುವ ಲೆಕ್ಸಸ್ ಇಎಸ್ 300ಎಚ್. ಮೊದಲನೆಯದಕ್ಕೆ 3 ಲೀಟರಿನ ಆರು ಸಿಲಿಂಡರ್ ಟರ್ಬೊ ಎಂಜಿನ್. ನಿಂತಲ್ಲಿಂದ 100 ಕಿ.ಮೀ. ವೇಗ ಮುಟ್ಟಲು ಅದಕ್ಕೆ 4.4 ಸೆಕೆಂಡ್ ಸಾಕು. ಎರಡನೆಯದು 2.5 ಲೀಟರಿನ ಹೈಬ್ರಿಡ್. ಅದೇ ಕೆಲಸಕ್ಕೆ 8.9 ಸೆಕೆಂಡ್ ಬೇಕು. ಕಾಗದದ ಮೇಲೆ ಒಂದು ಇನ್ನೊಂದರ ಎರಡರಷ್ಟು ಚುರುಕು. ಆದರೆ ಗೆಳೆಯ ದಿನಾ ಓಡಾಡುವುದು ಬನಶಂಕರಿಯಿಂದ ಹೆಬ್ಬಾಳಕ್ಕೆ, ಮತ್ತು ವಾರಕ್ಕೆರಡು ಸಲ ಮಂಡಿನೋವಿನ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಆ ಲೆಕ್ಕ ಕಂಪನಿಯ ಕಾಗದದಲ್ಲಿ ಇರುವುದಿಲ್ಲ.

ಕಾರಿನ ಪ್ರತಿಯೊಂದು ವಿಚಿತ್ರ ನಡವಳಿಕೆಗೂ ಕಾರಣವಿದೆ. ಬಹುಪಾಲು ಸಲ ಅದು ಅದೇ ಕಾರಿನ ಒಂದು ಒಳ್ಳೆಯ ಗುಣಕ್ಕೆ ತೆತ್ತ ಬೆಲೆ. ಆ ಬೆಲೆಯನ್ನು ನಿಮ್ಮ ದಿನದ ದಾರಿ ಸಹಿಸುತ್ತದೆಯೇ ಎಂದು ನೋಡುವುದೇ ಟೆಸ್ಟ್ ಡ್ರೈವ್‌ನ ಕೆಲಸ. ಅದನ್ನು ಹೀಗೆ ಮಾಡಿ.

ಹಂತ 1: ಶೋರೂಂಗೆ ಹೋಗುವ ಮೊದಲು ವಾರದ ಓಡಾಟ ಬರೆದಿಡಿ

ಒಂದು ಹಾಳೆಯಲ್ಲಿ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ವಾರದಲ್ಲಿ ಎಷ್ಟು ಗಂಟೆ ಟ್ರಾಫಿಕ್‌ನಲ್ಲಿ, ಎಷ್ಟು ಗಂಟೆ ಹೆದ್ದಾರಿಯಲ್ಲಿ? ಓಡಿಸುವವರು ನೀವೋ, ಚಾಲಕರೋ? ಹಿಂದಿನ ಸೀಟಿನಲ್ಲಿ ಕೂರುವವರು ಯಾರು? ಮನೆಯ ಗೇಟಿನಿಂದ ಮುಖ್ಯರಸ್ತೆಗೆ ಹೋಗುವಷ್ಟರಲ್ಲಿ ಎಷ್ಟು ಹಂಪ್? ಮುಂದಿನ ಹಂತಗಳಿಗೆಲ್ಲ ಈ ಹಾಳೆಯೇ ಅಳತೆಗೋಲು.

ಎರಡೂ ಕಾರುಗಳನ್ನು ಒಂದೇ ದಿನ, ಒಂದೇ ದಾರಿಯಲ್ಲಿ, ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಓಡಿಸುವಂತೆ ಸಮಯ ಕೇಳಿ. ವಾರ ಬಿಟ್ಟು ಓಡಿಸಿದರೆ ಮೊದಲ ಕಾರಿನ ಅನುಭವ ಮಾಸಿರುತ್ತದೆ. ಶೋರೂಂನವರು ತೋರಿಸುವ ದಾರಿ ಸಾಮಾನ್ಯವಾಗಿ ನುಣುಪಾಗಿರುತ್ತದೆ. ನಿಮ್ಮ ಬಡಾವಣೆಯ ರಸ್ತೆಗೇ ಕರೆದೊಯ್ಯಲು ಕೇಳಿಕೊಳ್ಳಿ. ಲೈಸೆನ್ಸ್ ಜೊತೆಗಿರಲಿ. ಪರೀಕ್ಷಾ ಓಟಕ್ಕೆ ಕಾರಿನ ವಿಮೆ ಅನ್ವಯಿಸುತ್ತದೆಯೇ ಎಂದೂ ಕೇಳಿ.

ಹಂತ 2: ಕೀಲಿ ತಿರುಗಿಸುವ ಮೊದಲು ಟೈರ್ ಓದಿ

ಟೈರಿನ ಪಕ್ಕದಲ್ಲಿ 225/45 ಆರ್18 ಎಂಬಂಥ ಬರಹ ಇರುತ್ತದೆ. 225 ಎಂದರೆ ಟೈರಿನ ಅಗಲ, ಮಿ.ಮೀ.ಗಳಲ್ಲಿ. 45 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 45, ಅಂದರೆ ಸುಮಾರು 101 ಮಿ.ಮೀ. ಕೊನೆಯ 18 ರಿಮ್ಮಿನ ವ್ಯಾಸ, ಇಂಚುಗಳಲ್ಲಿ. 205/65 ಆರ್16 ಟೈರಿನಲ್ಲಿ ಇದೇ ಗೋಡೆ ಸುಮಾರು 133 ಮಿ.ಮೀ. ಗುಂಡಿಯ ಏಟನ್ನು ಮೊದಲು ತಿನ್ನುವುದು ಈ ರಬ್ಬರ್ ಗೋಡೆಯೇ. ಅದು ಗಿಡ್ಡವಾದಷ್ಟೂ ಸ್ಟೀರಿಂಗ್ ತಿರುಗಿಸಿದ ಕೂಡಲೇ ಕಾರು ತಿರುಗುತ್ತದೆ. ಅಷ್ಟೇ ಬೇಗ ಗುಂಡಿಯ ಏಟು ಬೆನ್ನಿಗೂ ರಿಮ್ಮಿಗೂ ತಾಗುತ್ತದೆ.

ಡಿಕ್ಕಿ ತೆಗೆದು ಸ್ಟೆಪ್ನಿ ಇದೆಯೇ ನೋಡಿ. ರನ್-ಫ್ಲ್ಯಾಟ್ ಟೈರಿನ ಹಲವು ಕಾರುಗಳಲ್ಲಿ ಅದು ಇರುವುದಿಲ್ಲ. ಇಂಥ ಟೈರಿನ ಪಕ್ಕದ ಗೋಡೆ ಗಟ್ಟಿ. ಗಾಳಿ ಹೋದ ಮೇಲೂ ಗಂಟೆಗೆ 80 ಕಿ.ಮೀ. ವೇಗ ಮೀರದೆ ಸುಮಾರು 80 ಕಿ.ಮೀ. ದೂರ ಹೋಗಬಹುದು. ರಾತ್ರಿ ಹೆದ್ದಾರಿಯಲ್ಲಿ ಅದು ದೊಡ್ಡ ಧೈರ್ಯ. ಆದರೆ ಅದೇ ಗಟ್ಟಿತನದಿಂದ ದಿನನಿತ್ಯದ ಸವಾರಿ ಒರಟಾಗುತ್ತದೆ, ಹಳ್ಳಿದಾರಿಯ ಪಂಕ್ಚರ್ ಅಂಗಡಿಯಲ್ಲಿ ಬದಲಿ ಟೈರ್ ಸಿಗುವುದೂ ಕಷ್ಟ.

ಹಂತ 3: ಹತ್ತಿ, ಇಳಿದು, ಕಡ್ಡಿಗಳನ್ನು ಪರಿಚಯ ಮಾಡಿಕೊಳ್ಳಿ

ಮನೆಯ ಹಿರಿಯರನ್ನು ಜೊತೆಗೆ ಕರೆದೊಯ್ಯಿರಿ. ಗೆಳೆಯನ ತಾಯಿ ತಗ್ಗಾದ ಸ್ಪೋರ್ಟಿ ಕಾರಿನಿಂದ ಇಳಿದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಮೊದಲು ಒಂದು ಕಾಲು ಹೊರಗಿಟ್ಟರು. ಸೀರೆಯ ನೆರಿಗೆಯನ್ನು ಬಾಗಿಲ ಅಂಚಿನಿಂದ ಬಿಡಿಸಿಕೊಂಡರು. ಒಂದು ಕೈ ಮಂಡಿಯ ಮೇಲೆ, ಇನ್ನೊಂದು ಕೈ ಬಾಗಿಲ ಮೇಲೆ ಊರಿ, ಉಸಿರು ಬಿಗಿಹಿಡಿದು ಎದ್ದರು. ಏನೂ ಹೇಳಲಿಲ್ಲ. ಮಗನಿಗೆ ಅರ್ಥವಾಯಿತು. ಸೀಟು ನೆಲಕ್ಕೆ ಹತ್ತಿರವಿದ್ದರೆ ಕಾರಿನ ಭಾರ ಕೆಳಗೆ ಕೂರುತ್ತದೆ, ತಿರುವಿನಲ್ಲಿ ಕಾರು ಕಡಿಮೆ ವಾಲುತ್ತದೆ. ಆದರೆ ಹತ್ತಿ ಇಳಿಯುವ ಮಂಡಿಗೆ ಅದು ಭಾರ.

ಇನ್ನು ಸ್ಟೀರಿಂಗಿನ ಅಕ್ಕಪಕ್ಕದ ಕಡ್ಡಿಗಳು. ಮಾರುತಿ, ಹುಂಡೈ, ಟೊಯೊಟಾ ಓಡಿಸಿದ ಕೈಗೆ ಇಂಡಿಕೇಟರ್ ಬಲಕ್ಕಿದ್ದೇ ರೂಢಿ. ಜರ್ಮನ್ ಕಾರುಗಳಲ್ಲಿ ಅದು ಎಡಕ್ಕೆ. ಬಿಎಂಡಬ್ಲ್ಯುವಿನಲ್ಲಿ ಬಲಗಡ್ಡಿ ತಟ್ಟಿದರೆ ವೈಪರ್ ಓಡುತ್ತದೆ, ಅಷ್ಟೇ. ಮರ್ಸಿಡಿಸ್‌ನ ಬಹುತೇಕ ಆಟೊಮ್ಯಾಟಿಕ್ ಕಾರುಗಳಲ್ಲಿ ಬಲಗಡ್ಡಿಯೇ ಗೇರ್. ಇಂಡಿಕೇಟರ್ ಎಂದು ತಟ್ಟಿದರೆ ಗೇರ್ ನ್ಯೂಟ್ರಲ್‌ಗೆ ಹೋಗಬಹುದು. ನಿಂತ ಕಾರಿನಲ್ಲೇ ಹತ್ತು ಸಲ ಎಡಕ್ಕೆ, ಬಲಕ್ಕೆ ಇಂಡಿಕೇಟರ್ ಹಾಕಿ ಅಭ್ಯಾಸ ಮಾಡಿಕೊಂಡೇ ಹೊರಡಿ.

ಹಂತ 4: ಮೊದಲ 20 ನಿಮಿಷ ಟ್ರಾಫಿಕ್‌ನಲ್ಲೇ ಕಳೆಯಿರಿ

ಗೇರ್‌ಬಾಕ್ಸಿನ ನಿಜ ಸ್ವಭಾವ ಹೊರಬೀಳುವುದು ತೆವಳುವ ವೇಗದಲ್ಲಿ.

ಡ್ಯುಯಲ್ ಕ್ಲಚ್: ಫೋಕ್ಸ್‌ವ್ಯಾಗನ್ ವರ್ಟಸ್, ಸ್ಕೋಡಾ ಸ್ಲಾವಿಯಾದ 1.5 ಲೀಟರ್ ಆಟೊಮ್ಯಾಟಿಕ್ ಮಾದರಿಗಳಲ್ಲಿ ಏಳು ಗೇರಿನ ಈ ಪೆಟ್ಟಿಗೆ ಇದೆ. ಮುಂದಿನ ಗೇರ್ ಮೊದಲೇ ಸಿದ್ಧವಾಗಿರುವುದರಿಂದ ಓಡುವಾಗ ಗೇರ್ ಬದಲಾವಣೆ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ತೆವಳುವಾಗ ಮಾತ್ರ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತದೆ. ಸಣ್ಣ ಎಳೆತ ಕಾಣಿಸುತ್ತದೆ, ಬಿಸಿಯೂ ಏರುತ್ತದೆ. ಇಂಥ ಕಾರಿನಲ್ಲಿ ಇಂಚಿಂಚು ಸರಿಯಬೇಡಿ. ಮುಂದಿನ ಕಾರು ಸ್ವಲ್ಪ ದೂರ ಹೋಗಲಿ, ಆಮೇಲೆ ಒಮ್ಮೆಗೇ ಹೊರಡಿ.

ಟಾರ್ಕ್ ಕನ್ವರ್ಟರ್: ಎಂ340ಐನಲ್ಲಿರುವ ಎಂಟು ಗೇರಿನ ಪೆಟ್ಟಿಗೆ ಈ ಜಾತಿಯದು. ಎಂಜಿನ್ ಬಲ ಎಣ್ಣೆಯ ಮೂಲಕ ದಾಟುವುದರಿಂದ ತೆವಳುವಾಗ ನಯ.

ಹೈಬ್ರಿಡ್: ಲೆಕ್ಸಸ್ ಇಎಸ್ ನಿಧಾನ ಸಂಚಾರದಲ್ಲಿ ಹಲವು ಸಲ ಬರೀ ವಿದ್ಯುತ್ತಿನ ಮೇಲೆ ಸಾಗುತ್ತದೆ, ಎಂಜಿನ್ ಸದ್ದೇ ಇಲ್ಲ. ಆದರೆ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಎಂಜಿನ್ನಿನ ಕೂಗು ಮೊದಲು ಕೇಳುತ್ತದೆ, ವೇಗ ಹಿಂದಿನಿಂದ ಬರುತ್ತದೆ. ಗೇರ್ ಏರುವ ಲಯಕ್ಕೆ ಒಗ್ಗಿದ ಕಿವಿಗೆ ಅದು ಹಿಡಿಸದೆ ಹೋಗಬಹುದು. ಬ್ರೇಕನ್ನೂ ಗಮನಿಸಿ. ಪೆಡಲಿನ ಮೊದಲ ಒತ್ತು ಬ್ಯಾಟರಿ ತುಂಬಿಸುತ್ತದೆ, ಆಮೇಲಿನದು ಡಿಸ್ಕ್ ಹಿಡಿಯುತ್ತದೆ. ಎರಡರ ನಡುವಿನ ಬದಲಾವಣೆ ನಿಮ್ಮ ಪಾದಕ್ಕೆ ಗೊತ್ತಾಗುತ್ತದೆಯೇ?

ಹಂತ 5: ಹಂಪ್ ಮತ್ತು ಗುಂಡಿ, ತುಂಬಿದ ಕಾರಿನಲ್ಲಿ

ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವಂತಿರಬೇಕು. ನಮ್ಮ ಬಡಾವಣೆಗಳಲ್ಲಿ ಕಾಣುವುದು ಗೋಡೆ ಮಲಗಿಸಿದಂಥ ಸಣ್ಣ, ಕಡಿದಾದ ದಿಬ್ಬ. ಕಾರು ತಗ್ಗಾಗಿದ್ದು, ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರವೂ ಹೆಚ್ಚಿದ್ದರೆ ಹೊಟ್ಟೆ ತಾಗುತ್ತದೆ. ಲೆಕ್ಸಸ್ ಇಎಸ್‌ನಲ್ಲಿ ಈ ಅಂತರ 2,870 ಮಿ.ಮೀ.; ಬಿಎಂಡಬ್ಲ್ಯು 3 ಸೀರೀಸ್‌ನ ಉದ್ದಗೊಳಿಸಿದ ಮಾದರಿಯಾದ ಗ್ರ್ಯಾನ್ ಲಿಮೋಸಿನ್‌ನಲ್ಲಿ 2,961 ಮಿ.ಮೀ. ಹಿಂದೆ ಕೂತವರ ಕಾಲಿಗೆ ಸಿಗುವ ಜಾಗ ಇದರಿಂದಲೇ, ಹಂಪಿನ ಭಯವೂ ಇದರಿಂದಲೇ.

ಒಬ್ಬರೇ ಕೂತು ದಾಟಿ ನೋಡಿದರೆ ಪ್ರಯೋಜನವಿಲ್ಲ. ನಾಲ್ಕು ಜನ ಕೂತು ನಿಮ್ಮ ಬೀದಿಯ ಅತಿ ಕೆಟ್ಟ ಹಂಪನ್ನು ನಿಧಾನವಾಗಿ ದಾಟಿ, ಹೊಟ್ಟೆ ತಾಗುವ ಸದ್ದಿಗೆ ಕಿವಿಗೊಡಿ. ಆಮೇಲೆ 30 ಕಿ.ಮೀ. ವೇಗದಲ್ಲಿ ಹದಗೆಟ್ಟ ರಸ್ತೆಯ ಮೇಲೆ ಒಮ್ಮೆ ಕಂಫರ್ಟ್ ಮೋಡ್, ಒಮ್ಮೆ ಸ್ಪೋರ್ಟ್ ಮೋಡ್ ಹಾಕಿ ಓಡಿಸಿ. ಗಟ್ಟಿ ಸಸ್ಪೆನ್ಶನ್ನಿನ ಕಾರು ಒಂದೇ ಏಟು ಕೊಟ್ಟು ಕೂಡಲೇ ಸ್ಥಿರವಾಗುತ್ತದೆ. ಮೆತ್ತನೆಯದು ಏಟು ಕೊಡುವುದಿಲ್ಲ, ಆದರೆ ಮೇಲೆ ಕೆಳಗೆ ಎರಡು ಮೂರು ಸಲ ತೂಗುತ್ತದೆ. ಕೆಲವರಿಗೆ ಏಟಿಗಿಂತ ಈ ತೂಗಾಟವೇ ಹೊಟ್ಟೆ ತೊಳಸುತ್ತದೆ.

ಹಂತ 6: ಹೆದ್ದಾರಿಯಲ್ಲಿ 60ರಿಂದ 100

ನಿಂತಲ್ಲಿಂದ ಚಿಮ್ಮುವ ಆಟ ಬಿಡಿ. ನಿಜವಾಗಿ ಬೇಕಾಗುವುದು 60ರಲ್ಲಿದ್ದ ಕಾರು ಲಾರಿಯನ್ನು ದಾಟಲು 100ಕ್ಕೆ ಏರುವ ಬಗೆ. ಆಕ್ಸಿಲರೇಟರ್ ಒತ್ತಿದ ಮೇಲೆ ಎಷ್ಟು ಹೊತ್ತು ಕಾಯಿಸುತ್ತದೆ ನೋಡಿ. ಟರ್ಬೊ ಕಾರಿನಲ್ಲಿ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಬಲ ಒಟ್ಟಿಗೆ ನುಗ್ಗಬಹುದು. ಅದರ ಅಳತೆ ತಿಳಿಯದೆ ಓವರ್‌ಟೇಕ್‌ಗೆ ಇಳಿಯಬಾರದು. ನೇರ ರಸ್ತೆಯಲ್ಲಿ ಸ್ಟೀರಿಂಗನ್ನು ಪದೇಪದೇ ತಿದ್ದಬೇಕೇ, ಟೈರಿನ ಸದ್ದು ಮಾತಿಗೆ ಅಡ್ಡ ಬರುತ್ತದೆಯೇ, ಗಮನಿಸಿ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳ ವೇಗಮಿತಿ 100 ಕಿ.ಮೀ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ಮೀರಿದರೆ ಎಫ್‌ಐಆರ್ ದಾಖಲಾಗುತ್ತದೆ. ಮಿತಿ ಮೀರಿದ ವೇಗದ ಆಸೆ ಇದ್ದವರಿಗೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಬಳಿಯ ಇರುಂಗಾಟುಕೋಟೈ ರೇಸ್ ಟ್ರ್ಯಾಕ್ ಇವೆ. ಸಾರ್ವಜನಿಕ ರಸ್ತೆ ಅದಕ್ಕಲ್ಲ.

ಹಂತ 7: ಸ್ಟೀರಿಂಗ್ ಬಿಟ್ಟು ಹಿಂದೆ ಕೂರಿ

ಬಹುತೇಕರು ಬಿಡುವ ಹಂತ ಇದು. ಕೀಲಿಯನ್ನು ಮನೆಯ ಇನ್ನೊಬ್ಬರಿಗೆ ಕೊಟ್ಟು, ಅರ್ಧ ಗಂಟೆ ಹಿಂದಿನ ಸೀಟಿನಲ್ಲಿ ಕೂತುಬನ್ನಿ. ತೊಡೆಗೆ ಪೂರ್ತಿ ಆಸರೆ ಇದೆಯೇ, ತಲೆ ಛಾವಣಿಗೆ ತಾಗುತ್ತದೆಯೇ, ನಡುವೆ ಕೂತವರ ಕಾಲು ಎಲ್ಲಿಗೆ ಹೋಗಬೇಕು? ಹಿಂದಿನ ಚಕ್ರಕ್ಕೆ ಬಲ ಕಳಿಸುವ ಕಾರುಗಳಲ್ಲಿ ನಡುವೆ ಎತ್ತರದ ದಿಂಡು ಇರುತ್ತದೆ. ಓಡಿಸುವವರಿಗೆ ಖುಷಿ ಕೊಟ್ಟ ತಿರುವು ಹಿಂದೆ ಕೂತವರನ್ನು ಎಷ್ಟು ಎಳೆದಾಡುತ್ತದೆ ಎಂಬುದು ಅಲ್ಲಿ ಕೂತಾಗಲೇ ಗೊತ್ತಾಗುವುದು.

ಹಂತ 8: ಖರ್ಚಿನ ಪೂರ್ತಿ ಲೆಕ್ಕ

ಕರ್ನಾಟಕದಲ್ಲಿ 20 ಲಕ್ಷ ರೂ. ಮೀರಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್ ಬೇರೆ. 70 ಲಕ್ಷದ ಕಾರಿಗೆ ತೆರಿಗೆಯೇ 12.6 ಲಕ್ಷ. ಪೆಟ್ರೋಲ್ ಮುಚ್ಚಳದ ಒಳಗಿನ ಚೀಟಿ ಓದಿ: ಎಷ್ಟು ಆಕ್ಟೇನಿನ ಪೆಟ್ರೋಲ್ ಬೇಕು, ಎಷ್ಟು ಎಥನಾಲ್ ಬೆರೆತದ್ದು ನಡೆಯುತ್ತದೆ ಎಂದು ಸಾಮಾನ್ಯವಾಗಿ ಅಲ್ಲಿರುತ್ತದೆ. ನಾಲ್ಕೂ ಟೈರ್ ಬದಲಿಸುವ ಬೆಲೆ, ಟೈರ್ ಮತ್ತು ರಿಮ್ಮಿಗೆ ವಿಮೆ ಸಿಗುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲೇ ಕೇಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇನ್ನೂ ಮೂರು ಕೆಲಸ ಮಾಡಬೇಕು. ಟೈರಿನ ಮೇಲಿನ ನಾಲ್ಕಂಕಿಯ ಸಂಖ್ಯೆ ನೋಡಿ; 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದ ಟೈರ್. ಏರ್ ಸಸ್ಪೆನ್ಶನ್ ಇದ್ದರೆ ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ನೋಡಿ. ಒಂದು ಮೂಲೆ ಕುಸಿದಿದ್ದರೆ ಗಾಳಿ ಸೋರುತ್ತಿದೆ. ಸರ್ವಿಸ್ ದಾಖಲೆ ಪೂರ್ತಿ ಇಲ್ಲದ ಕಾರಿಗೆ ಮುಂಗಡ ಕೊಡಬೇಡಿ.

ಕೊನೆಯ ಮಾತು

ಗೆಳೆಯ ಲೆಕ್ಸಸ್ ಆರಿಸಿಕೊಂಡ. ಎಂ340ಐ ಓಡಿಸಿದ ಸಂಜೆ ಅವನ ಮುಖದಲ್ಲಿದ್ದ ಸಂತೋಷವನ್ನು ನಾನು ಮರೆತಿಲ್ಲ; ಅದು ಅಷ್ಟು ಒಳ್ಳೆಯ ಕಾರು. ಆದರೆ ಅವನ ಹಾಳೆಯಲ್ಲಿ ಟ್ರಾಫಿಕ್ಕಿನ ಗಂಟೆಗಳೂ ತಾಯಿಯ ಮಂಡಿಯೂ ಇದ್ದವು. ಒಬ್ಬರೇ ಓಡಾಡುವ, ವಾರದ ಕೊನೆಗೆ ಘಟ್ಟದ ದಾರಿ ಹಿಡಿಯುವ ಇನ್ನೊಬ್ಬರ ಹಾಳೆ ಬೇರೆ ಉತ್ತರ ಕೊಟ್ಟೀತು, ಅದೂ ಸರಿಯೇ. ಕಾರು ಕೊಳ್ಳುವ ಯೋಚನೆಯಲ್ಲಿದ್ದರೆ ಒಂದು ದಿನ ರಜೆ ಹಾಕಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಎರಡೂ ಕಾರನ್ನು ನಿಮ್ಮ ದಾರಿಯಲ್ಲಿ ಓಡಿಸಿ. ಅದಾದ ಮೇಲೆಯೇ ಮುಂಗಡ ಕಟ್ಟಿ.