ಅವ್ವನ ಕೊರಳಿನ ಲಿಂಗ

ನಿಮ್ಮವರನ್ನು ಮನೋರೋಗದ ವಾರ್ಡಿಗೆ ಸೇರಿಸುವ ದಿನ ಬಂದರೆ, ಗುಳಿಗೆಗಳ ಚೀಟಿಯ ಜೊತೆಗೆ ಅವರ ನೇಮನಿಷ್ಠೆಯನ್ನೂ ಕಾಗದದ ಮೇಲೆ ಬರೆದುಕೊಡಿ. ಬಾಯಲ್ಲಿ ಹೇಳಿದರೆ ಸಾಲದು. ನಾನು ಹೇಳಿದ್ದೆ: ಅವ್ವ ಲಿಂಗಾಯತಳು, ಕೊರಳಲ್ಲಿ ಇಷ್ಟಲಿಂಗವಿದೆ, ಪೂಜೆಯಾಗದೆ ನೀರೂ ಕುಡಿಯುವುದಿಲ್ಲ ಎಂದು. ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ಅವಳನ್ನು ದಾಖಲು ಮಾಡಿಕೊಂಡ ನರ್ಸ್ ಕಂಪ್ಯೂಟರಿನಲ್ಲಿ ಒತ್ತಿದ್ದು ‘ಹಿಂದೂ’ ಎಂಬ ಒಂದೇ ಪದ.

ಅಪ್ಪ ತೀರಿಕೊಂಡ ಮೇಲೆ ಅವ್ವ ಇಂಗ್ಲೆಂಡಿನಲ್ಲಿ ನಮ್ಮ ಹತ್ತಿರವೇ ಇದ್ದಳು. ಖಿನ್ನತೆಯಿಂದ ಮೊದಲು ನಿದ್ದೆ ಹೋಯಿತು, ಆಮೇಲೆ ಮಾತು. ಕಡೆಗೆ ‘ಶಿವ ನನ್ನ ಕೈಬಿಟ್ಟಾನ, ನಾ ಇರಬಾರದು’ ಎಂದು ಶುರುವಾಯಿತು. ಅಲ್ಲಿನ 1983ರ ಮಾನಸಿಕ ಆರೋಗ್ಯ ಕಾಯ್ದೆಯ ಎರಡನೇ ಸೆಕ್ಷನ್ ಪ್ರಕಾರ 28 ದಿನಗಳವರೆಗೆ ಒಳಗಿಟ್ಟುಕೊಂಡು ಪರೀಕ್ಷೆ ಮಾಡಬಹುದು. ಹಾಗೆ ಸೇರಿಸಿಕೊಂಡರು. ಸುದ್ದಿ ತಿಳಿದು ಧಾರವಾಡದಿಂದ ದೊಡ್ಡಪ್ಪನ ಫೋನ್: ‘ಗುಳಿಗಿ ಬಿಡಸು, ಊರಿಗೆ ಕರಕೊಂಡ ಬಾ. ಗಾಳಿ ಬಿಡಸೋ ಜಾಗ ನನಗ ಗೊತ್ತೈತಿ.’ ತಮಿಳುನಾಡಿನ ಏರ್ವಾಡಿಯನ್ನು ನೆನಪಿಸಿದೆ. ದರ್ಗಾ ನಂಬಿ ಬಂದ ರೋಗಿಗಳನ್ನು ಸರಪಳಿಯಲ್ಲಿ ಕಟ್ಟಿಟ್ಟಿದ್ದ ಕಡೆ 2001ರ ಆಗಸ್ಟಿನಲ್ಲಿ ಬೆಂಕಿ ಬಿದ್ದು 28 ಜನ ಸತ್ತರು. ದೊಡ್ಡಪ್ಪ ನನ್ನ ಮಾತು ಮುಗಿಯುವ ಮೊದಲೇ ಫೋನ್ ಇಟ್ಟರು. ಅವ್ವ ಆಸ್ಪತ್ರೆ ಕಂಡದ್ದು ನನ್ನ ಹಟದಿಂದ ಎಂದು ಇವತ್ತಿಗೂ ಬೀಗರ ಮುಂದೆಲ್ಲ ಹೇಳುತ್ತಾರೆ.

ಸೇರಿಸಿದ ಮರುದಿನ ಸಂಜೆ ಭೇಟಿಯ ಹೊತ್ತಿಗೆ ಹೋದೆ. ಅವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎರಡೂ ಕೈ ಎದೆಯ ಮೇಲೆ. ತುಟಿ ಒಡೆದು ನಾಲಿಗೆ ಒಣಗಿತ್ತು. ಮುಟ್ಟಿದ ಕೂಡಲೇ ಕಣ್ಣು ಬಿಟ್ಟು, ‘ನನ್ನ ಲಿಂಗ ಕಸಗೊಂಡಾರವ್ವ. ಇನ್ನ ಈ ಜೀವ ಯಾಕ ಇರಬೇಕು?’ ಅಂದಳು. ನನ್ನ ಕೈಕಾಲು ತಣ್ಣಗಾದವು. ಸಾಯಬೇಕು ಎನ್ನುತ್ತಿದ್ದವಳಿಗೆ ಸಾಯಲು ಇನ್ನೊಂದು ಕಾರಣ ಕೊಟ್ಟಿದ್ದರು. ಲಿಂಗ ಮೈಯಿಂದ ಅಗಲಿದರೆ ಬದುಕಿಗೇ ಅರ್ಥವಿಲ್ಲ ಎಂದು ನಂಬಿ ಬೆಳೆದ ಪೀಳಿಗೆ ಅದು. ಶಿವದಾರ ಕುಣಿಕೆಯಾಗಬಹುದು, ಅದಕ್ಕೆ ತೆಗೆದಿದ್ದೇವೆ ಎಂದರು ವಾರ್ಡಿನವರು. ಎಲ್ಲಿಟ್ಟಿದ್ದೀರಿ ಎಂದು ಕೇಳಿದಾಗ ಬೀಗ ತೆಗೆದು ಒಂದು ಪ್ಲಾಸ್ಟಿಕ್ ಚೀಲ ತೋರಿಸಿದರು. ಲಿಂಗವಿದ್ದ ಬೆಳ್ಳಿಯ ಕರಡಿಗೆ ಅವ್ವನ ಚಪ್ಪಲಿಯ ಜೊತೆಗಿತ್ತು. ಕಡತದಲ್ಲಿ ಬರೆದದ್ದು: ಊಟ, ನೀರು ನಿರಾಕರಣೆ, ಧಾರ್ಮಿಕ ಭ್ರಮೆ.

ದಾರದ ಭಯ ನ್ಯಾಯವಾದದ್ದು. ಅದರ ಬಗ್ಗೆ ನನಗೆ ತಕರಾರಿಲ್ಲ. ಇದೇನು ಎಂದು ಅವ್ವನನ್ನು ಒಬ್ಬರೂ ಕೇಳಲಿಲ್ಲ. ಅದನ್ನು ನಾನು ಕ್ಷಮಿಸಿಲ್ಲ.

ಅಳುತ್ತ ನಿಂತಿದ್ದ ನನಗೆ ವಾರ್ಡಿನ ಸಹಾಯಕಿಯೊಬ್ಬಳು ‘ಚಾಪ್ಲೆನ್ ಅವರನ್ನು ಕರೆಸಿ’ ಎಂದಳು. ಆಸ್ಪತ್ರೆಯಲ್ಲಿ ರೋಗಿಗಳ ಆಧ್ಯಾತ್ಮಿಕ ಆರೈಕೆ ಅವರ ಕೆಲಸ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ 1948ರಲ್ಲಿ ಶುರುವಾದಾಗಿನಿಂದ ಈ ಹುದ್ದೆ ಇದೆ. ಮೊದಲು ಪಾದ್ರಿಗಳೇ ಇದ್ದರು. ಈಗ ಹಿಂದೂ, ಮುಸ್ಲಿಂ, ಸಿಖ್ ಚಾಪ್ಲೆನ್‌ಗಳೂ ಇದ್ದಾರೆ, ದೇವರನ್ನು ನಂಬದವರ ಜೊತೆ ಕೂರುವವರೂ ಇದ್ದಾರೆ. ಅವರು ಮತಪ್ರಚಾರ ಮಾಡುವಂತಿಲ್ಲ. ನಮಗೆ ಸಿಕ್ಕವರು ಆಂಗ್ಲಿಕನ್ ಚರ್ಚಿನ ಹೆಂಗಸು. ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಅನಾವರಣವಾದ ಬಸವಣ್ಣನವರ ಪ್ರತಿಮೆಯ ಮುಂದೆ ಅವ್ವ ನಿಂತ ಫೋಟೊ ತೋರಿಸಿ, ಇವರ ದಾರಿಯವರು ನಾವು ಎಂದೆ. ಅವರು ಮೊದಲು ಚಪ್ಪಲಿಯ ಚೀಲದಿಂದ ಕರಡಿಗೆಯನ್ನು ತೆಗೆಸಿ ಬಿಳಿ ಬಟ್ಟೆಯಲ್ಲಿ ಇಡಿಸಿದರು. ಅನುವಾದಕ್ಕೆ ನನ್ನನ್ನು ಕೂರಿಸಲಿಲ್ಲ. ಮಗಳ ಮುಂದೆ ತಾಯಿ ಎಲ್ಲವನ್ನೂ ಹೇಳಲಾರಳು ಎಂದು, ಫೋನಿನಲ್ಲಿ ಕನ್ನಡ ದುಭಾಷಿಯನ್ನು ಹಿಡಿದು ಅವ್ವನ ಪಕ್ಕ ಬಹಳ ಹೊತ್ತು ಕೂತರು. ಅವ್ವ ಅಂದು ಏನೇನು ಹೇಳಿಕೊಂಡಳೋ, ನಾನು ಕೇಳಿಲ್ಲ.

ವೈದ್ಯರ ಸಭೆಯಲ್ಲಿ ಚಾಪ್ಲೆನ್ ಎರಡು ಮಾತನ್ನು ಬೇರೆಬೇರೆ ಇಟ್ಟರು. ಲಿಂಗ ಬೇಕೆನ್ನುವುದು ಈಕೆಯ ಧರ್ಮ, ಅದನ್ನು ಕೊಡಿ. ಶಿವ ಕೈಬಿಟ್ಟ ಎನ್ನುವ ಸಂಕಟಕ್ಕೆ ನಿಮ್ಮ ಚಿಕಿತ್ಸೆ ಬೇಕು, ಅದು ನಡೆಯಲಿ. ನಾನೂ ಬಂದು ಕೂರುತ್ತೇನೆ. ಇಷ್ಟನ್ನು ಬಿಡಿಸಿ ಹೇಳುವವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ದಾರ ಬೇಡ, ರವಿಕೆಯ ಒಳಗೆ ಜೇಬು ಹೊಲಿದು ಅದರಲ್ಲಿ ಲಿಂಗ ಇರಲಿ ಎಂದಾಯಿತು. ದೀಪ, ಊದುಬತ್ತಿ ಇಲ್ಲ, ವಿಭೂತಿಗೆ ಅಡ್ಡಿಯಿಲ್ಲ. ಬೆಳಿಗ್ಗೆ ಪೂಜೆಯ ಹೊತ್ತಿಗೆ ಒಬ್ಬ ನರ್ಸ್ ಬಾಗಿಲ ಬಳಿ ಇರಬೇಕು. ಎಲ್ಲವನ್ನೂ ಆರೈಕೆಯ ಯೋಜನೆಯಲ್ಲಿ ಬರೆಸಿದರು. ಎಡ ಅಂಗೈಯಲ್ಲಿ ಲಿಂಗ ಬಂದು ಕೂತ ದಿನ ಅವ್ವ ಪೂಜೆ ಮುಗಿಸಿ ಒಂದು ಲೋಟ ನೀರು ಕುಡಿದಳು, ಗುಳಿಗೆಯನ್ನೂ ನುಂಗಿದಳು. ಖಿನ್ನತೆಯನ್ನು ಇಳಿಸಿದ್ದು ಗುಳಿಗೆ, ಅದಕ್ಕೆ ವಾರಗಳೇ ಹಿಡಿದವು. ದೊಡ್ಡಪ್ಪ ಇದನ್ನು ಓದಿದರೆ ಆ ಮಾತನ್ನು ಗಮನಿಸಲಿ.

ಹಾಗಾಗಿ, ಸೇರಿಸುವ ದಿನವೇ ಚಾಪ್ಲೆನ್ ಬೇಕೆಂದು ಕೇಳಿ. ನಿಮ್ಮ ಧರ್ಮದವರೇ ಸಿಗಲಿ ಎಂದು ಕಾಯಬೇಡಿ. ದುಭಾಷಿಯನ್ನು ಕೇಳಿ. ಮೈಮೇಲಿನ ವಸ್ತು ತೆಗೆಯುವುದಾದರೆ ಎಲ್ಲಿ, ಹೇಗೆ ಇಡುತ್ತಾರೆಂದು ಬರೆಸಿಕೊಳ್ಳಿ.

ನಮ್ಮ ದೇಶದಲ್ಲಿ ವೆಲ್ಲೂರಿನ ಸಿಎಂಸಿಯಂಥ ಮಿಷನ್ ಆಸ್ಪತ್ರೆಗಳಲ್ಲಿ ಚಾಪ್ಲೆನ್‌ಗಳಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಸರಪಳಿ ಹಾಕಬಾರದು ಎಂದಿದೆ, ಚಿಕಿತ್ಸೆಯಲ್ಲಿ ಧರ್ಮದ ಭೇದ ಕೂಡದು ಎಂದಿದೆ. ಕರ್ನಾಟಕದ ಸರ್ಕಾರಿ ಮನೋರೋಗ ವಾರ್ಡುಗಳನ್ನು ನಡೆಸುವವರಲ್ಲಿ ನನ್ನದೊಂದು ಬೇಡಿಕೆ: ಜನಿವಾರ, ತಾಯತ, ಜಪಸರ, ಶಿಲುಬೆ, ಲಿಂಗ, ಯಾವುದನ್ನೇ ತೆಗೆಸುವ ಮೊದಲು ರೋಗಿಯ ಪಕ್ಕ ಕೂತು ಕೇಳಲು ತರಬೇತಿ ಪಡೆದ ಒಬ್ಬರನ್ನು ನೇಮಿಸಿ.