ಬಾಣಂತಿಯೂ ಕೂಸೂ: ಹೆರಿಗೆಯ ತರುವಾಯದ ೪೨ ದಿವಸಗಳು

ಕೂಸಿನ ಅಳು ಕೇಳಿಸಿದ ಕೂಡಲೆ ಮನೆಯವರೆಲ್ಲರು ಗಂಡಾಂತರವು ಕಳೆಯಿತೆಂದು ನಿಟ್ಟುಸಿರು ಬಿಡುತ್ತಾರೆ. ನೆರೆಯವರು ಬಂದು ಗಂಡೋ ಹೆಣ್ಣೋ ಎಂದು ವಿಚಾರಿಸುತ್ತಾರೆ. ತಾಯಿಯು ಹೇಗಿದ್ದಾಳೆಂದು ಕೇಳುವವರು ಕಡಿಮೆ. ಆದರೆ ಹೆರಿಗೆಯ ಕಾರಣದಿಂದ ಸಾಯುವ ತಾಯಂದಿರಲ್ಲಿ ಬಹು ಮಂದಿ ಹೆರಿಗೆಯಾದ ತರುವಾಯವೇ ಸಾಯುತ್ತಾರೆ. ಲೋಕದಲ್ಲಿ ಐದು ವರುಷ ತುಂಬುವ ಮೊದಲು ಸಾಯುವ ಮಕ್ಕಳಲ್ಲಿಯೂ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಹುಟ್ಟಿದ ೨೮ ದಿವಸಗಳೊಳಗೇ ಸಾಯುತ್ತವೆ. ಆದಕಾರಣ ಹೆರಿಗೆಯಾದ ದಿನವು ಕಾವಲಿನ ಕೊನೆಯಲ್ಲ, ಅದರ ಆರಂಭವೆಂದು ನಾವು ತಿಳಿಯತಕ್ಕದ್ದು. ಈ ಕಾವಲು ೬ ವಾರ, ಅಂದರೆ ೪೨ ದಿವಸ ನಡೆಯಬೇಕು.

೧. ಕೈಗಳ ಶುದ್ಧಿ

ಯುರೋಪಿನ ವಿಯೆನ್ನಾ ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರೂ ವೈದ್ಯವಿದ್ಯಾರ್ಥಿಗಳೂ, ಇನ್ನೊಂದರಲ್ಲಿ ಸೂಲಗಿತ್ತಿಯರೂ ಕೆಲಸಮಾಡುತ್ತಿದ್ದರು. ವೈದ್ಯರ ವಿಭಾಗದಲ್ಲಿ ೧೮೪೬ರಲ್ಲಿ ನೂರಕ್ಕೆ ೧೧ಕ್ಕಿಂತ ಹೆಚ್ಚು ತಾಯಂದಿರು ಸತ್ತರು; ಸೂಲಗಿತ್ತಿಯರ ವಿಭಾಗದಲ್ಲಿ ಸಾವು ಬಹಳ ಕಡಿಮೆಯಾಗಿತ್ತು. ಇದರ ಕಾರಣವನ್ನು ಹುಡುಕಿದವನು ಸೆಮ್ಮೆಲ್‌ವೈಸ್ ಎಂಬ ವೈದ್ಯನು. ವಿದ್ಯಾರ್ಥಿಗಳು ಹೆಣಗಳನ್ನು ಕೊಯ್ದು ಪರೀಕ್ಷಿಸಿದ ಕೈಗಳಿಂದಲೇ ಬಂದು ಬಸುರಿಯರನ್ನು ಮುಟ್ಟುತ್ತಿದ್ದರೆಂಬದನ್ನು ಅವನು ಕಂಡುಕೊಂಡನು. ೧೮೪೭ರಲ್ಲಿ, ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈತೊಳೆಯದೆ ಯಾರೂ ಒಳಗೆ ಬರಕೂಡದೆಂದು ಕಟ್ಟಳೆ ಮಾಡಿದನು. ೧೮೪೮ರಲ್ಲಿ ಆ ವಿಭಾಗದ ಸಾವು ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚಿನ ಮಟ್ಟಕ್ಕೆ ಇಳಿಯಿತು.

ನಮ್ಮ ಹಳ್ಳಿಗಳಲ್ಲಿ ಬಾಣಂತಿಗೆ ನಂಜಾಗುವದೆಂದು ಸೊಪ್ಪನ್ನೂ ಹಣ್ಣನ್ನೂ ತಡೆಯುತ್ತಾರೆ. ಆದರೆ ಹೆತ್ತವಳನ್ನು ಕೊಲ್ಲುವ ನಂಜು ಸೊಪ್ಪಿನಿಂದ ಬರುವದಲ್ಲ, ಕೊಳೆಯಾದ ಕೈಯಿಂದಲೂ ಬಟ್ಟೆಯಿಂದಲೂ ಬರುವದು. ತಾಯಿಯನ್ನೂ ಕೂಸನ್ನೂ ಮುಟ್ಟುವ ಪ್ರತಿಯೊಬ್ಬರು ಮೊದಲು ಸಾಬೂನಿನಿಂದ ಕೈತೊಳೆಯತಕ್ಕದ್ದು.

೨. ತಾಯಿಯಲ್ಲಿ ನೋಡತಕ್ಕ ಗುರುತುಗಳು

ಹೆರಿಗೆಯ ತರುವಾಯ ಕೆಲವು ವಾರ ಸ್ವಲ್ಪ ಸ್ವಲ್ಪವಾಗಿ ರಕ್ತ ಹೋಗುವದು ಸಹಜ. ಆದರೆ ಒಂದು ತಾಸಿನೊಳಗೇ ಬಟ್ಟೆ ಪೂರಾ ನೆನೆದರೆ, ಅಥವಾ ಗಡ್ಡೆಗಡ್ಡೆಯಾಗಿ ರಕ್ತ ಬಿದ್ದು ತಲೆ ತಿರುಗಿದರೆ, ಬೆಳಗಾಗಲೆಂದು ಕಾಯಬಾರದು. ಜ್ವರ, ದುರ್ವಾಸನೆಯ ಸ್ರಾವ, ಹೊಟ್ಟೆಯ ಕಡುನೋವು, ವಿಪರೀತ ತಲೆನೋವು, ಕಣ್ಣು ಮಂಜಾಗುವದು, ಸೆಳೆತ, ಏದುಸಿರು, ಒಂದೇ ಕಾಲು ಬಾತು ನೋಯುವದು, ಇವುಗಳಲ್ಲಿ ಒಂದು ಕಂಡರೂ ತಡವಿಲ್ಲದೆ ಆಸ್ಪತ್ರೆಗೆ ಒಯ್ಯಬೇಕು. ೧೦೮ಕ್ಕೆ ಕರೆಮಾಡಿದರೆ ವಾಹನವು ಬರುವದು.

೩. ತಾಯಿಯ ಆಹಾರವೂ ಮನಸ್ಸೂ

ನಮ್ಮ ಹಿರಿಯರ ಪದ್ಧತಿಗಳಲ್ಲಿ ಕೆಲವು ಬಹಳ ಒಳ್ಳೇವು. ತವರುಮನೆಯ ವಿಶ್ರಾಂತಿ, ಬಿಸಿನೀರಿನ ಸ್ನಾನ, ಸಬ್ಬಸಿಗೆ ಸೊಪ್ಪು, ತಾಯಿಯ ಕೆಲಸವನ್ನು ಬೇರೆಯವರು ಹೊರುವದು, ಇವುಗಳನ್ನು ಬಿಡಬೇಕಾಗಿಲ್ಲ. ಆದರೆ ನೀರನ್ನು ಅಳೆದು ಕೊಡುವದೂ, ಕತ್ತಲೆಯ ಕೋಣೆಯಲ್ಲಿ ಹೊಗೆ ಹಾಕುವದೂ ಇಬ್ಬರಿಗೂ ಕೇಡು. ಹಾಲೂಡಿಸುವವಳಿಗೆ ಬಾಯಾರಿಕೆ ಹೆಚ್ಚು. ಕೇಳಿದಷ್ಟು ನೀರು ಕೊಡಬೇಕು. ಬೇಳೆ, ಸೊಪ್ಪು, ಹಾಲು, ಮೊಟ್ಟೆ, ಹಣ್ಣು, ಇವೆಲ್ಲವೂ ಆಕೆಗೆ ಬೇಕು. ಕಬ್ಬಿಣಾಂಶದ ಮಾತ್ರೆಗಳನ್ನು ಹೆರಿಗೆಯಾದ ಮೇಲೆ ೧೮೦ ದಿವಸ ನುಂಗತಕ್ಕದ್ದು.

ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಕಣ್ಣೀರು ಬರುವದುಂಟು. ಅದು ತಾನಾಗಿ ಕಡಿಮೆಯಾಗುವದು. ಆದರೆ ದುಃಖವು ಎರಡು ವಾರ ಮೀರಿದರೆ, ಅಥವಾ ಆಕೆಗೆ ಬದುಕೇ ಬೇಡವೆನ್ನಿಸಿದರೆ, ಅಸಂಬದ್ಧವಾಗಿ ಮಾತಾಡಿದರೆ, ಅದು ರೋಗವು. ಗಾಳಿಯೆಂದೂ ಸೋಮಾರಿತನವೆಂದೂ ಹೇಳಿ ಆಕೆಯನ್ನು ನೋಯಿಸಬಾರದು. ಬಾಣಂತಿ ಸನ್ನಿಗೆ ಔಷಧವುಂಟು. ಆದರೆ ಆಕೆಯನ್ನು ಒಂಟಿಯಾಗಿ ಬಿಡದೆ ಕೂಡಲೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕು.

೪. ಕೂಸಿನ ಆರೈಕೆ

ಹುಟ್ಟಿದ ಒಂದು ತಾಸಿನೊಳಗೆ ಕೂಸಿಗೆ ಮೊಲೆಯೂಡಿಸಬೇಕು. ಮೊದಲು ಬರುವ ಹಳದಿಯಾದ ಗಟ್ಟಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವವರುಂಟು. ರೋಗಗಳನ್ನು ತಡೆಯುವ ಶಕ್ತಿಯು ಆ ಹಾಲಿನಲ್ಲಿ ವಿಶೇಷವಾಗಿ ಇರುವದರಿಂದ ಅದನ್ನು ಚೆಲ್ಲುವದು ಕೂಸಿನ ಮೊದಲ ಔಷಧವನ್ನು ಚೆಲ್ಲಿದಂತೆ. ಆರು ತಿಂಗಳ ತನಕ ತಾಯಿಯ ಹಾಲೇ ಸಾಕು. ಬೇಸಿಗೆಯಲ್ಲಿಯೂ ನೀರು ಬೇಡ. ಜೇನು, ಹರಳೆಣ್ಣೆ, ತೇಯ್ದ ಬಜೆ, ಸಕ್ಕರೆನೀರು ಯಾವದನ್ನೂ ಬಾಯಿಗೆ ಹಾಕಬಾರದು. ಹೊಕ್ಕಳಿಗೆ ಬೂದಿ, ಸೆಗಣಿ, ಎಣ್ಣೆ ಹಚ್ಚದೆ ಶುದ್ಧವಾಗಿಯೂ ಒಣಗಿಯೂ ಇಡಬೇಕು. ಮೊದಲ ೨೪ ತಾಸು ಸ್ನಾನ ಮಾಡಿಸದೆ, ತಾಯಿಯ ಎದೆಗೆ ಒತ್ತಿ ಬೆಚ್ಚಗಿಡತಕ್ಕದ್ದು.

ಕೂಸು ಹಾಲು ಬಿಟ್ಟರೆ, ನಿಮಿಷಕ್ಕೆ ೬೦ ಸಲಕ್ಕಿಂತ ಹೆಚ್ಚಾಗಿ ಉಸಿರಾಡಿದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಸೆಳೆತ ಬಂದರೆ, ಹೊಕ್ಕಳಲ್ಲಿ ಕೀವಾದರೆ, ಅಂಗೈ ಅಂಗಾಲು ಹಳದಿಯಾದರೆ ಅದೇ ತಾಸಿನಲ್ಲಿ ಆಸ್ಪತ್ರೆಗೆ ಒಯ್ಯಬೇಕು.

೫. ಬೆಳವಣಿಗೆ

ಮೊದಲ ದಿನಗಳಲ್ಲಿ ಕೂಸಿನ ತೂಕ ಸ್ವಲ್ಪ ಇಳಿದು, ಸುಮಾರು ಎರಡು ವಾರಗಳಲ್ಲಿ ಮೊದಲಿನಷ್ಟಾಗುವದು. ಐದಾರು ತಿಂಗಳಿಗೆ ಹುಟ್ಟಿದ ತೂಕದ ಇಮ್ಮಡಿಯೂ ವರುಷಕ್ಕೆ ಮುಮ್ಮಡಿಯೂ ಆಗುವದು. ಎರಡು ತಿಂಗಳ ಹೊತ್ತಿಗೆ ಮುಖ ನೋಡಿ ನಗುವದು. ನಾಲ್ಕಕ್ಕೆ ಕತ್ತು ನಿಲ್ಲುವದು. ಆರರಿಂದ ಎಂಟರೊಳಗೆ ಆಧಾರವಿಲ್ಲದೆ ಕೂಡುವದು. ಒಂದೊಂದು ಕೂಸು ಕೊಂಚ ಹಿಂದುಮುಂದಾಗಬಹುದು. ಹೆಚ್ಚು ತಡವಾದರೆ ವೈದ್ಯರಿಗೆ ತೋರಿಸಬೇಕು. ಮಾತೂ ಲಾಲಿಯೂ ಕೂಸಿನ ಬುದ್ಧಿಗೆ ಆಹಾರ. ಅವುಗಳಿಗೆ ಕಾಸು ಬೇಕಾಗಿಲ್ಲ. ಹುಟ್ಟಿದಾಗಲೂ, ೬, ೧೦, ೧೪ನೆಯ ವಾರಗಳಲ್ಲಿಯೂ, ಒಂಬತ್ತು ತಿಂಗಳಿಗೂ ಲಸಿಕೆಗಳನ್ನು ತಪ್ಪದೆ ಹಾಕಿಸಬೇಕು.

೬. ಮನೆಯವರ ಕರ್ತವ್ಯ

ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆಶಾ ಕಾರ್ಯಕರ್ತೆಯು ೩, ೭, ೧೪, ೨೧, ೨೮, ೪೨ನೆಯ ದಿವಸಗಳಲ್ಲಿ ಬರುವ ಏರ್ಪಾಡುಂಟು. ಮನೆಯಲ್ಲಿ ಹೆತ್ತವರಿಗೆ ಮೊದಲನೆಯ ದಿನವೂ ಸೇರುವದು. ಆಕೆಯನ್ನು ಬಾಗಿಲಲ್ಲೇ ನಿಲ್ಲಿಸಿ ಕಳುಹಿಸದೆ ಒಳಗೆ ಕರೆದು ಎಲ್ಲವನ್ನೂ ತೋರಿಸಿರಿ. ಆಕೆ ಬಾರದ ದಿವಸಗಳಲ್ಲಿ ಕಾವಲು ನಮ್ಮದು. ಗಂಡನೂ ಅತ್ತೆಯೂ ತಾಯಿಯೂ ಪ್ರತಿ ಸಾಯಂಕಾಲ ಬಾಣಂತಿಯನ್ನು ಕೇಳಲಿ: ಜ್ವರವುಂಟೋ? ರಕ್ತ ಎಷ್ಟು ಹೋಯಿತು? ಊಟ ಸೇರಿತೋ? ಮನಸ್ಸು ಹೇಗಿದೆ? ಈ ನಾಲ್ಕು ಮಾತುಗಳನ್ನು ಹೊತ್ತಿಗೆ ಕೇಳುವ ಮನೆಯಲ್ಲಿ ಅಪಾಯವು ಬೇಗನೆ ಕಣ್ಣಿಗೆ ಬೀಳುವದು.

ಪ್ರಶ್ನೆಗಳು

೧. ವಿಯೆನ್ನಾದ ಆಸ್ಪತ್ರೆಯಲ್ಲಿ ತಾಯಂದಿರ ಸಾವು ಕಡಿಮೆಯಾದದ್ದು ಹೇಗೆ?
೨. ತಾಯಿಯಲ್ಲಿ ಯಾವ ಗುರುತುಗಳು ಕಂಡರೆ ಬೆಳಗಿನ ತನಕ ಕಾಯಬಾರದು?
೩. ಮೊದಲ ಹಾಲನ್ನು ಯಾಕೆ ಚೆಲ್ಲಬಾರದು?
೪. ನಮ್ಮೂರಿನ ಬಾಣಂತನದ ಪದ್ಧತಿಗಳಲ್ಲಿ ಉಳಿಸತಕ್ಕವು ಯಾವವು? ಬಿಡತಕ್ಕವು ಯಾವವು?